ತಳವಾರ ಅಂದ್ರೆ ಕೆಲಸವೋ, ಜಾತಿಯೋ?

ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಯಾವುದಾದರೂ ಸರ್ಕಾರಿ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿ. ಪಾಟೀಲ, ಕುಲಕರ್ಣಿ, ಬಡಿಗೇರ, ಕಂಬಾರ, ತಳವಾರ ಸಾಲಾಗಿ ಸಿಗುತ್ತಾರೆ. ಎಲ್ಲವೂ ಕೆಲಸದಿಂದ ಬಂದ ಅಡ್ಡಹೆಸರುಗಳೇ. ಆದರೆ ಇವುಗಳಲ್ಲಿ ತಳವಾರ ಅನ್ನೋ ಹೆಸರು ಮಾತ್ರ ಸಂಸತ್ತಿಗೆ ಹೋಗಿ, ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿ, ವಾಪಸ್ ಬಂದು ತಹಶೀಲ್ದಾರ್ ಕಚೇರಿಯ ಮುಂದೆ ಜಗಳವಾಗಿ ನಿಂತಿದೆ.

ಮೊದಲು ಒಂದು ಜನಪ್ರಿಯ ತಪ್ಪು ಕಲ್ಪನೆ ಬಿಡೋಣ. ತಲ್ವಾರ್ ಹಿಡಿದವನೇ ತಳವಾರ ಅಂತ ಬಹಳ ಜನ ಹೇಳ್ತಾರೆ. ಕೇಳೋಕೆ ಚೆಂದ, ಅಷ್ಟೆ. ಆಂಧ್ರದ ನಾಗಾರ್ಜುನಕೊಂಡದಲ್ಲಿ ಕ್ರಿ.ಶ. 3ನೇ ಶತಮಾನದ ಇಕ್ಷ್ವಾಕು ಅರಸರ ಕಾಲದ ಪ್ರಾಕೃತ ಶಾಸನಗಳಿವೆ. ಅಲ್ಲಿ 'ಮಹಾತಲವರ' ಅನ್ನೋದು ದೊಡ್ಡ ಅಧಿಕಾರಿಯ ಬಿರುದು. ಬೌದ್ಧ ಸ್ತೂಪಕ್ಕೆ ದಾನ ಕೊಟ್ಟ ರಾಜಮನೆತನದ ಹೆಣ್ಣುಮಕ್ಕಳು ಅಂಥವರನ್ನು ಮದುವೆಯಾಗಿ 'ಮಹಾತಲವರಿ' ಅನ್ನಿಸಿಕೊಂಡಿದ್ದರು. ಮುಂದೆ ಕನ್ನಡದಲ್ಲಿ ತಳಾರ, ತಳವಾರ ಅಂದರೆ ಊರು ಕಾಯುವವನು. ತೆಲುಗಿನ ತಲಾರಿ, ತಮಿಳಿನ ತಲೈಯಾರಿ ಇದರ ಬಂಧುಗಳು. ಅರಸರ ನೆಂಟನಾಗಿದ್ದ ಪದವಿ ಕೊನೆಗೆ ಗೌಡನ ಮನೆ ಕಟ್ಟೆಯ ಕೆಳಗೆ ನಿಲ್ಲುವ ಕೆಲಸದ ಹೆಸರಾಯಿತು. ಪದಗಳಿಗೂ ಹಿಂಬಡ್ತಿ ಇರುತ್ತೆ.

ಹಳ್ಳಿಯಲ್ಲಿ ತಳವಾರನ ಕೆಲಸ ಏನಿತ್ತು? 1812ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಬಂದ ಐದನೇ ವರದಿ ಗ್ರಾಮದ ಸೇವಕರನ್ನು ಪಟ್ಟಿ ಮಾಡುತ್ತೆ. ಅದರ ಪ್ರಕಾರ ಕಳ್ಳತನ, ಅಪರಾಧಗಳ ಸುಳಿವು ಹಿಡಿಯೋದು, ಒಂದೂರಿಂದ ಇನ್ನೊಂದೂರಿಗೆ ಹೋಗುವವರಿಗೆ ಕಾವಲಾಗಿ ನಡೆಯೋದು ತಳವಾರನ ಕೆಲಸ. ಬೆಳೆ ಕಾಯೋದು, ಅಳತೆಗೆ ನೆರವಾಗೋದು ತೋಟಿಯ ಕೆಲಸ. ಸಂಬಳ ಅಂತ ಇರಲಿಲ್ಲ. ಕಣದಲ್ಲಿ ಆಯದ ಪಾಲು, ಜೊತೆಗೆ ಒಂದಿಷ್ಟು ಇನಾಂ ಜಮೀನು. ಅಪ್ಪನ ನಂತರ ಮಗ. ಕೆಲಸ ವಂಶಕ್ಕೆ ಅಂಟಿದ್ದರಿಂದಲೇ ಹೆಸರೂ ಅಂಟಿತು.

ಇಲ್ಲಿಯೇ ಮುಖ್ಯ ವಿಷಯ ಇರೋದು. ಈ ಹುದ್ದೆ ಎಲ್ಲ ಊರಲ್ಲೂ ಒಂದೇ ಜಾತಿಯ ಕೈಲಿರಲಿಲ್ಲ. ಒಂದೂರಲ್ಲಿ ಬೇಡ ನಾಯಕರು, ಇನ್ನೊಂದೂರಲ್ಲಿ ಕಬ್ಬಲಿಗರು ಅಥವಾ ಕೋಲಿಗಳು, ಮತ್ತೊಂದೂರಲ್ಲಿ ದಲಿತರು ತಳವಾರಿಕೆ ಮಾಡಿದ್ದಾರೆ. ಪಾಟೀಲರಲ್ಲಿ ಲಿಂಗಾಯತರು, ಮರಾಠರು, ಜೈನರು, ಮುಸ್ಲಿಮರು ಎಲ್ಲ ಇಲ್ವಾ, ಹಾಗೆ. ವ್ಯತ್ಯಾಸ ಏನಂದ್ರೆ ಪಾಟೀಲಿಕೆ ಅಧಿಕಾರ ಕೊಟ್ಟಿತು, ತಳವಾರಿಕೆ ದುಡಿಸಿಕೊಂಡಿತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಯಪುರ ಕಡೆ ಇಂಥ ವಂಶಪಾರಂಪರ್ಯ ಹುದ್ದೆಗಳನ್ನು 1874ರ ವತನ್ ಕಾಯ್ದೆ ಕಟ್ಟಿಹಾಕಿತ್ತು. ಅದೇ ಕಾಯ್ದೆಗೆ ತಿದ್ದುಪಡಿ ಕೋರಿ 1928ರಲ್ಲಿ ಅಂಬೇಡ್ಕರ್ ಮುಂಬೈ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಅವರ ಮುಂದಿದ್ದದ್ದು ಮಹಾರರ ವತನ್. ಚೂರು ಜಮೀನಿಗಾಗಿ ಇಡೀ ಕುಟುಂಬ ಹಗಲು ರಾತ್ರಿ ಸರ್ಕಾರದ ಚಾಕರಿಗೆ ಸಿಗಬೇಕು ಅನ್ನೋದು ಅವರ ಆಕ್ಷೇಪ.

ನಮ್ಮ ರಾಜ್ಯದಲ್ಲಿ 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಯಾಯಿತು. ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ ಎಲ್ಲ ಹೋದವು. ಹುದ್ದೆ ಹೋಯಿತು, ಶಾಲಾ ದಾಖಲೆಯಲ್ಲಿ ಹೆಸರು ಉಳಿಯಿತು. ಎಷ್ಟೋ ಕಡೆ ಅದೇ ಜಾತಿಯ ಕಾಲಂಗೂ ಹತ್ತಿತು.

ಹಾಗಾಗಿ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ತಳವಾರ ಮೊದಲೇ ಇತ್ತು. 2020ರಲ್ಲಿ ಸಂಸತ್ತು ಕರ್ನಾಟಕದ ಎಸ್‌ಟಿ ಪಟ್ಟಿ ತಿದ್ದಿ, ನಾಯಕ, ಬೇಡ, ವಾಲ್ಮೀಕಿ ಇರುವ ನಮೂದಿಗೆ 'ಪರಿವಾರ' ಮತ್ತು 'ತಳವಾರ' ಸೇರಿಸಿತು. ಅಂದ್ರೆ ನಾಯಕರ ಪರ್ಯಾಯ ಹೆಸರು ಅನ್ನೋ ಲೆಕ್ಕದಲ್ಲಿ. ನಾಯಕ ಸಮುದಾಯದೊಳಗಿನ ತಳವಾರರಿಗೆ ಅದು ನ್ಯಾಯವೇ, ಅವರು ದಶಕಗಳಿಂದ ಕೇಳುತ್ತಿದ್ದದ್ದು. ಆದರೆ ಕಾನೂನಲ್ಲಿ ಬರೆದಿರೋದು ಬರೀ ಹೆಸರು. ಕಬ್ಬಲಿಗ, ಕೋಲಿ ಹಿನ್ನೆಲೆಯ ತಳವಾರರು 'ಪಟ್ಟಿಯಲ್ಲಿರೋ ಹೆಸರು ನಮ್ಮದೂ ಹೌದಲ್ಲ, ಪ್ರಮಾಣಪತ್ರ ಕೊಡಿ' ಅಂತಾರೆ. ನಾಯಕ ಸಂಘಟನೆಗಳು 'ಸೇರಿಸಿದ್ದು ನಮ್ಮ ಪರ್ಯಾಯ ಪದವಾಗಿ, ಎಲ್ಲ ತಳವಾರರನ್ನಲ್ಲ' ಅಂತಾವೆ. 2022ರಲ್ಲಿ ರಾಜ್ಯದ ಎಸ್‌ಟಿ ಮೀಸಲಾತಿ ಶೇ 3ರಿಂದ 7ಕ್ಕೆ ಏರಿದ ಮೇಲೆ ಪಣ ಇನ್ನೂ ದೊಡ್ಡದಾಯಿತು.

ನನಗನ್ನಿಸೋದು, ಎರಡೂ ಕಡೆಯವರು ಸುಳ್ಳು ಹೇಳುತ್ತಿಲ್ಲ. ಕಬ್ಬಲಿಗರ ಹುಡುಗ ತಳವಾರ ಅನ್ನೋ ಹೆಸರನ್ನು ಎಲ್ಲಿಂದಲೂ ಕದ್ದು ತಂದಿಲ್ಲ, ಅವನ ಮುತ್ತಜ್ಜ ಆ ಕೆಲಸ ಮಾಡಿದ್ದಾನೆ. ಕೋಲಿ, ಕಬ್ಬಲಿಗರನ್ನು ಎಸ್‌ಟಿಗೆ ಸೇರಿಸಬೇಕು ಅನ್ನೋ ಬೇಡಿಕೆ ಬೇರೆಯಾಗಿಯೇ ವರ್ಷಗಳಿಂದ ಇದೆ. ಅದನ್ನು ಇತ್ಯರ್ಥ ಮಾಡದೆ ಬಿಟ್ಟ ಸರ್ಕಾರಗಳೇ ಈಗ ಅಡ್ಡಹೆಸರಿನ ಹಿಂಬಾಗಿಲಲ್ಲಿ ಬಡವರ ಮೇಲೆ ಬಡವರನ್ನು ನಿಲ್ಲಿಸಿವೆ.

1994ರಲ್ಲಿ ಮಹಾರಾಷ್ಟ್ರದ ಕೋಲಿ ಕುಟುಂಬವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಾತಿ ಪರಿಶೀಲನೆಗೆ ವಿಧಾನ ಹಾಕಿಕೊಟ್ಟಿತು. ದಾಖಲೆಯ ಜೊತೆಗೆ ದೇವರು, ಮದುವೆ, ಸಾವಿನ ವಿಧಿ, ಆಚರಣೆಗಳನ್ನೂ ವಿಚಾರಿಸಬೇಕು ಅನ್ನೋದು ಅದರ ತಿರುಳು. ತಳವಾರರ ಮನೆಯಲ್ಲಿ ಈ ಪ್ರಶ್ನೆ ಕೇಳಿದರೆ ಬರೋ ಉತ್ತರ ನಾಯಕರದ್ದೋ, ಕಬ್ಬಲಿಗರದ್ದೋ, ಹೊಲೆಯರದ್ದೋ ಆಗಿರುತ್ತೆ. ತಳವಾರರದ್ದೇ ಅನ್ನೋ ಕುಲದೇವರಿಲ್ಲ. ಹುದ್ದೆಗೆ ಕುಲದೇವರು ಎಲ್ಲಿಂದ ಬರಬೇಕು? ಹಾಗಾಗಿ ಅರ್ಜಿಯ ಮೇಲಿರೋ ಅಡ್ಡಹೆಸರು ನೋಡಿ ಕೊಡೋದೂ ತಪ್ಪು, ಅದನ್ನೇ ನೋಡಿ ತಿರಸ್ಕರಿಸೋದೂ ತಪ್ಪು. ನೋಡಬೇಕಾದ್ದು ಆ ಮನೆಯ ಹಳೆಯ ಇನಾಂ ದಾಖಲೆ, ಅಜ್ಜನ ಶಾಲಾ ರಿಜಿಸ್ಟರ್, ಮತ್ತು ಆ ಮನೆ ಹೆಣ್ಣು ಕೊಟ್ಟು ತಂದಿರೋದು ಯಾರ ಜೊತೆ ಅನ್ನೋದನ್ನ.