ಹೋರಿ ಬೆಳೆದಿದೆ ಸರಿ, ಬೀಜಕ್ಕೆ ಬಂದಿದೆಯಾ?

ಇವತ್ತಿನ ಮಾತು ಅಮೆರಿಕದ ಮಾಂಸದ ತಳಿಗಳ, ಅಂದ್ರೆ ಆಂಗಸ್, ಹೆರೆಫರ್ಡ್ ತರಹದ ಎಳೆ ಹೋರಿಗಳ ಬಗ್ಗೆ. ಅಲ್ಲಿ ಸಾಮಾನ್ಯವಾಗಿ ಹಸುಗಳ ಜೊತೆ ಹೋರಿಯನ್ನ ಬಿಡೋದು ವರ್ಷಕ್ಕೆ ಎರಡು-ಮೂರು ತಿಂಗಳು ಮಾತ್ರ. ಒಂದು ಎಳೆ ಹೋರಿಗೆ ಹದಿನೈದು-ಇಪ್ಪತ್ತು ಹಸು. ಹೋರಿಯಲ್ಲಿ ದೋಷ ಇದ್ರೆ ಗೊತ್ತಾಗೋದು ಹಸುಗಳ ಗರ್ಭ ಪರೀಕ್ಷೆ ಮಾಡಿಸಿದಾಗ. ಅಷ್ಟೊತ್ತಿಗೆ ಒಂದು ವರ್ಷದ ಕರುಗಳೇ ಕೈತಪ್ಪಿರುತ್ತವೆ. ಅದಕ್ಕೇ ಮೊದಲೇ ಅಳೆಯೋದು.

ಮೊದಲನೆಯದು ತೂಕ. ಎರಡು ಕರು ಇವೆ ಅಂದುಕೊಳ್ಳಿ. ಒಂದು 236 ಕೆಜಿ, ಇನ್ನೊಂದು 247 ಕೆಜಿ. ಯಾವುದು ಮೇಲು? ಎರಡನೆಯದು ಅಂತೀರಾ? ತಡೀರಿ, ವಯಸ್ಸು ಕೇಳಿ. ಮೊದಲನೆಯದಕ್ಕೆ 200 ದಿನ, ಹುಟ್ಟಿದಾಗ 36 ಕೆಜಿ. ಅಂದ್ರೆ ದಿನಕ್ಕೆ 1 ಕೆಜಿ ಬೆಳೆದಿದೆ. ಎರಡನೆಯದಕ್ಕೆ 220 ದಿನ, ಹುಟ್ಟಿದಾಗ 38 ಕೆಜಿ. ದಿನಕ್ಕೆ 950 ಗ್ರಾಂ. ಎರಡನ್ನೂ 205 ದಿನಕ್ಕೆ ಲೆಕ್ಕ ಹಾಕಿದ್ರೆ ಮೊದಲನೆಯದು 241, ಎರಡನೆಯದು ಸುಮಾರು 233. ಕಣ್ಣಿಗೆ ದಪ್ಪ ಕಂಡಿದ್ದು ಹಿಂದೆ ಬಿತ್ತು! ತಾಯಿ ಎಳೆಯ ವಯಸ್ಸಿನದಾದ್ರೆ ಹಾಲು ಕಡಿಮೆ, ಅದಕ್ಕೂ ಒಂದಿಷ್ಟು ಸೇರಿಸ್ತಾರೆ. ಆಮೇಲೆ ಇದೇ ರೀತಿ 365 ದಿನದ ತೂಕ.

ಎರಡನೆಯದು ವೃಷಣದ ಸುತ್ತಳತೆ. ಎರಡೂ ವೃಷಣಗಳನ್ನ ಮೆಲ್ಲಗೆ ಕೆಳಕ್ಕೆ ಒತ್ತಿ, ಅತಿ ಅಗಲವಿರೋ ಕಡೆ ಟೇಪು ಸುತ್ತುತ್ತಾರೆ. ಸುಮಾರು 28 ಸೆಂ.ಮೀ. ಆದಾಗ ಹೆಚ್ಚಿನ ಹೋರಿಗಳು ಪ್ರಾಯಕ್ಕೆ ಬರುತ್ತವೆ. 15 ತಿಂಗಳೊಳಗಿನ ಹೋರಿ ಪಾಸಾಗೋಕೆ ಕನಿಷ್ಠ 30 ಸೆಂ.ಮೀ. ಬೇಕು. ಇದು ಬರೀ ಅಪ್ಪನ ವಿಷಯ ಅಲ್ಲ. ಸುತ್ತಳತೆ ಚೆನ್ನಾಗಿರೋ ಹೋರಿಯ ಹೆಣ್ಣು ಕರುಗಳೂ ಬೇಗ ಬೆದೆಗೆ ಬರೋ ಒಲವು ಇರುತ್ತೆ.

ಮೂರನೆಯದು ವೀರ್ಯ ಪರೀಕ್ಷೆ. ಸೂಕ್ಷ್ಮದರ್ಶಕದಲ್ಲಿ ಕನಿಷ್ಠ 30% ವೀರ್ಯಾಣು ಮುಂದಕ್ಕೆ ಚಲಿಸಬೇಕು, 70% ಸರಿಯಾದ ಆಕಾರದಲ್ಲಿರಬೇಕು. ಫೇಲಾದ ಎಳೆ ಹೋರಿಯನ್ನ ತಕ್ಷಣ ಮಾರಬೇಕಿಲ್ಲ. ವೀರ್ಯಾಣು ತಯಾರಾಗೋಕೇ ಸುಮಾರು 61 ದಿನ ಬೇಕು, ಹಾಗಾಗಿ ಎರಡು ತಿಂಗಳು ಬಿಟ್ಟು ಮತ್ತೆ ನೋಡಬಹುದು.

ಇಲ್ಲೊಂದು ಬಲೆ ಇದೆ. ತೂಕ ಚೆನ್ನಾಗಿ ಬರಲಿ ಅಂತ ಧಾನ್ಯ ತುಂಬಾ ತಿನ್ನಿಸಿದ್ರೆ ವೃಷಣಚೀಲದ ಮೇಲ್ಭಾಗದಲ್ಲಿ ಕೊಬ್ಬು ಸೇರುತ್ತೆ. ವೃಷಣ ಮೈಗಿಂತ ತಂಪಾಗಿರಬೇಕು. ಕೊಬ್ಬು ಕಂಬಳಿ ಹೊದಿಸಿದ ಹಾಗೆ. ಬಿಸಿಗೆ ವೀರ್ಯ ಕೆಡುತ್ತೆ. ಹಾಗಂತ ಮೊದಲ ಆರು ತಿಂಗಳಲ್ಲಿ ಮೇವು ಕಡಿಮೆ ಮಾಡಿದ್ರೆ ವೃಷಣ ಸಣ್ಣದಾಗೇ ಉಳಿಯಬಹುದು. ಕರುವಾಗಿದ್ದಾಗ ಚೆನ್ನಾಗಿ, ಆಮೇಲೆ ಹದವಾಗಿ, ಇಷ್ಟೇ ಗುಟ್ಟು.

ಕೊನೆಗೊಂದು ಮಾತು: ಟೇಪು, ತಕ್ಕಡಿ ಎರಡೂ ಹೋರಿಯ ಆಸಕ್ತಿಯನ್ನ ಅಳೆಯಲ್ಲ. ಹಸುಗಳ ಜೊತೆ ಬಿಟ್ಟ ಮೊದಲ ವಾರ ನಿಂತು ನೋಡೋ ಕೆಲಸ ಮಾಲೀಕನದೇ. ಮತ್ತೆ ಸಿಗೋಣ.