ಸೌರೋದ್ಯಮವೂ ಸಿಲಿಕಾನಿನ ಶೋಧನೆಯೂ

ಭೂಮಿಯ ಹೊರಪದರದಲ್ಲಿ ಆಮ್ಲಜನಕವನ್ನು ಬಿಟ್ಟರೆ ಸಿಲಿಕಾನಿನಷ್ಟು ವಿಪುಲವಾದ ಮೂಲವಸ್ತು ಬೇರೊಂದಿಲ್ಲ. ತೂಕದಲ್ಲಿ ಅದು ನೂರಕ್ಕೆ ಸುಮಾರು 28 ಪಾಲು. ಮರಳು, ಬೆಣಚುಕಲ್ಲು ಮುಂತಾದುವುಗಳಲ್ಲಿ ಅದು ಆಮ್ಲಜನಕದೊಡನೆ ಕೂಡಿಕೊಂಡಿರುವುದು. ಹೀಗಿದ್ದೂ 2005ರಿಂದ 2008ರವರೆಗೆ ಸೌರಫಲಕಗಳನ್ನು ತಯಾರಿಸುವವರು ಸಿಲಿಕಾನ್ ಸಾಕಷ್ಟು ದೊರೆಯದೆ ಸಂಕಟಪಟ್ಟರು. ಇದರ ಕಾರಣವು ವಿಚಾರಾರ್ಹವಾದುದು.

ಬೆಣಚುಕಲ್ಲನ್ನು ಇಂಗಾಲದೊಡನೆ ವಿದ್ಯುತ್ಕುಲುಮೆಯಲ್ಲಿ ಕಾಯಿಸಿದರೆ, ಇಂಗಾಲವು ಆಮ್ಲಜನಕವನ್ನು ಸೆಳೆದುಕೊಳ್ಳುವುದರಿಂದ, ನೂರಕ್ಕೆ 98 ಅಥವಾ 99 ಪಾಲು ಶುದ್ಧವಾದ ಸಿಲಿಕಾನ್ ಉಳಿಯುವುದು. ಮಿಶ್ರಲೋಹಗಳಿಗೆ ಇಷ್ಟು ಸಾಕು, ಸೌರಫಲಕಕ್ಕೆ ಸಾಲದು. ಅಲ್ಲಿ ಕಲ್ಮಷವು ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮೀರಬಾರದು. ಆದುದರಿಂದ ಆ ಸಿಲಿಕಾನನ್ನು ಪುಡಿಮಾಡಿ, ಹೈಡ್ರೋಕ್ಲೋರಿಕ್ ಆಮ್ಲದ ಅನಿಲದೊಡನೆ ಸೇರಿಸಿ, ಟ್ರೈಕ್ಲೋರೋಸಿಲೇನ್ ಎಂಬ ದ್ರವವನ್ನಾಗಿ ಮಾರ್ಪಡಿಸುವರು. ಇದು ಸುಮಾರು 32 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುವುದರಿಂದ, ಮತ್ತೆ ಮತ್ತೆ ಭಟ್ಟಿಯಿಳಿಸಿ ಕಲ್ಮಷಗಳನ್ನು ಕಳೆಯಬಹುದು. ಅನಂತರ ಅದರ ಆವಿಯನ್ನು ಜಲಜನಕದೊಡನೆ, ಸುಮಾರು 1,100 ಡಿಗ್ರಿಗೆ ಕಾದಿರುವ ಸಿಲಿಕಾನ್ ಸರಳುಗಳ ಮೇಲೆ ಹಾಯಿಸಿದರೆ, ಶುದ್ಧ ಸಿಲಿಕಾನ್ ಅವುಗಳ ಮೇಲೆ ಮೆಲ್ಲಮೆಲ್ಲನೆ ಕೂಡುತ್ತ ಬರುವುದು. ಈ ಕ್ರಮಕ್ಕೆ ಹಲವು ದಿನಗಳೂ ಅಪಾರವಾದ ವಿದ್ಯುತ್ತೂ ಬೇಕು.

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಳಕೆಗೆ ಯೋಗ್ಯವಾದ ಮೊದಲ ಸಿಲಿಕಾನ್ ಸೌರಕೋಶವು ಸಿದ್ಧವಾಯಿತು. ಮುಂದೆ ಬಹುಕಾಲ ಸೌರೋದ್ಯಮವು ಚಿಕ್ಕದಾಗಿದ್ದು, ಗಣಕಯಂತ್ರಗಳ ಬಿಲ್ಲೆಗಳನ್ನು ಮಾಡುವ ಕಾರ್ಖಾನೆಗಳು ತಳ್ಳಿದ ಉಳಿಕೆ ಸಿಲಿಕಾನಿನಿಂದಲೇ ಬಹುಮಟ್ಟಿಗೆ ಜೀವಿಸುತ್ತಿದ್ದಿತು. 2000ದಲ್ಲಿಯೂ 2004ರಲ್ಲಿಯೂ ಜರ್ಮನಿಯು ಮಾಡಿದ ಕಾನೂನುಗಳು ಸೌರವಿದ್ಯುತ್ತಿಗೆ ನಿಶ್ಚಿತವಾದ ಬೆಲೆಯನ್ನು ಕೊಡಿಸಿದುವು. ಫಲಕಗಳ ಬೇಡಿಕೆಯು ಒಮ್ಮೆಗೇ ಏರಿತು. ಪರರ ಉಚ್ಛಿಷ್ಟದಿಂದ ಅದನ್ನು ತೀರಿಸುವುದು ಅಸಾಧ್ಯವಾಯಿತು. ಹೊಸ ಶೋಧನಾಗಾರವನ್ನು ಕಟ್ಟುವುದಕ್ಕೆ ವರ್ಷಗಳೇ ಬೇಕು. ಈ ನಡುವೆ, 2008ರಲ್ಲಿ, ಮುಂಗಡ ಕರಾರಿಲ್ಲದೆ ಕೊಳ್ಳುವವರಿಗೆ ಕಿಲೋಗ್ರಾಮಿನ ಬೆಲೆಯು 400 ಡಾಲರುಗಳನ್ನು ಮೀರಿತು. ಕಟ್ಟಡಗಳು ಪೂರ್ತಿಯಾದ ಮೇಲೆ, 2012ರ ಕೊನೆಗೆ, ಅದು ಸುಮಾರು 20 ಡಾಲರಿಗೆ ಇಳಿಯಿತು.

ಕೊರತೆಯು ಮಿತವ್ಯಯವನ್ನೂ ಕಲಿಸಿತು. ಬಿಲ್ಲೆಗಳು ತೆಳುವಾದುವು, ಕೊಯ್ಯುವಾಗ ಪುಡಿಯಾಗಿ ನಷ್ಟವಾಗುವುದು ಕಡಮೆಯಾಯಿತು. 2004ರಲ್ಲಿ ಒಂದು ವಾಟಿಗೆ ಸುಮಾರು 16 ಗ್ರಾಂ ಸಿಲಿಕಾನ್ ಬೇಕಾಗಿದ್ದುದು ಈಚೆಗೆ 3 ಗ್ರಾಮಿಗಿಂತಲೂ ಕೆಳಗಿಳಿದಿದೆ. ಆದರೂ ಒಟ್ಟು ಬೇಡಿಕೆಯು ಬೆಳೆಯುತ್ತಲೇ ಬಂದಿದೆ; ಏಕೆಂದರೆ ಫಲಕಗಳ ಸಂಖ್ಯೆಯು ಉಳಿತಾಯಕ್ಕಿಂತ ವೇಗವಾಗಿ ಹೆಚ್ಚಿದೆ.

2023ರ ವೇಳೆಗೆ ಲೋಕದ ಶುದ್ಧ ಸಿಲಿಕಾನಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಚೀನಾದೇಶದಲ್ಲಿಯೇ ತಯಾರಾಗುತ್ತಿದ್ದಿತು. ಮರಳು ಎಲ್ಲ ದೇಶಗಳಲ್ಲಿಯೂ ಉಂಟು. ಶೋಧನೆಯ ಸಾಮರ್ಥ್ಯವು ಕೆಲವೆಡೆ ಮಾತ್ರ. ಆ ಒಂದೆಡೆಯ ಕೆಲಸ ನಿಂತರೆ 2008ರ ಸಂಕಟವು ಮರಳೀತು. ಆದಕಾರಣ ಸೂರ್ಯನ ಬೆಳಕನ್ನು ನೆಚ್ಚುವ ದೇಶಗಳು ಶೋಧನೆಯ ವಿದ್ಯೆಯನ್ನೂ ಸಂಪಾದಿಸಿಕೊಳ್ಳುವುದು ಯುಕ್ತವಾದುದು.