ಪರದೆ ಸುರಂಗದಲ್ಲಿ ಟೊಮ್ಯಾಟೊ ಹಾಗೂ ಮನೆಮಟ್ಟದ ಸಾಸ್ ತಯಾರಿಕೆ: ಸದಸ್ಯರ ಮಾಹಿತಿಗಾಗಿ

ಬೆಲೆ ಕುಸಿದಾಗ ಟೊಮ್ಯಾಟೊ ಹೊಲದಲ್ಲಿಯೇ ಕೊಳೆಯುತ್ತದೆ. ಬೇಸಿಗೆಯಲ್ಲಿ ಅದೇ ಕುಟುಂಬ ಹೆಚ್ಚು ಬೆಲೆ ತೆತ್ತು ಕೊಳ್ಳುತ್ತದೆ. ಈ ನಷ್ಟವನ್ನು ತಗ್ಗಿಸಲು ಕೈತೋಟದ ಬೆಳೆ ಹಾಗೂ ಸುರಕ್ಷಿತ ಸಂಗ್ರಹಣೆ ಎರಡೂ ಅಗತ್ಯ.

ಶೀತ ದೇಶಗಳಲ್ಲಿ ಪ್ಲಾಸ್ಟಿಕ್ ಸುರಂಗವನ್ನು ಬಿಸಿ ಹಿಡಿದಿಡಲು ಕಟ್ಟುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರು, ದೇವದುರ್ಗ, ಮಾನ್ವಿಗೆ ಅದು ಒಗ್ಗದು. ಇಲ್ಲಿ ಬೇಕಾದುದು ಗಾಳಿಯಾಡುವ ಪರದೆಯ ಸುರಂಗ. 40ರಿಂದ 50 ಮೆಶ್‌ನ ಬಿಳಿ ಪರದೆಯು ಎಲೆಮುಟುರು ರೋಗ ಹರಡುವ ಬಿಳಿನೊಣವನ್ನು ಸಸಿಮಡಿಯಿಂದ ದೂರವಿಡುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿಯು ಈ ರೋಗವನ್ನು ತಡೆದುಕೊಳ್ಳಬಲ್ಲದು.

ಹಗಲಿನ ಉಷ್ಣಾಂಶ 35 ಡಿಗ್ರಿ ಮೀರಿದರೆ ಹೂ ಉದುರಿ ಕಾಯಿ ಕಚ್ಚುವುದು ಕುಂದುತ್ತದೆ. ಹಣ್ಣಿಗೆ ಕೆಂಪು ಬಣ್ಣವೂ ಸರಿಯಾಗಿ ಬಾರದು. ಆದುದರಿಂದ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿ, 25 ದಿನಗಳ ಸಸಿ ನಾಟಿ ಮಾಡಿ, ಫೆಬ್ರವರಿಯೊಳಗೆ ಕೊಯ್ಲು ಮುಗಿಸುವುದು ಸೂಕ್ತ. ದೇವದುರ್ಗದ ನಾರಾಯಣಪುರ ಬಲದಂಡೆ ಹಾಗೂ ಮಾನ್ವಿಯ ತುಂಗಭದ್ರಾ ಎಡದಂಡೆ ಕಾಲುವೆಗಳ ನೀರು ಬೇಸಿಗೆಯಲ್ಲಿ ನಿಲ್ಲುವುದರಿಂದಲೂ ಈ ಕಾಲವೇ ಲೇಸು.

ಸಾಸ್ ತಯಾರಿಕೆಯಲ್ಲಿ ಎಚ್ಚರ ಅತ್ಯಗತ್ಯ. ಹುಳಿ ಸಾಲದ ಮುಚ್ಚಿದ ಬಾಟಲಿಯಲ್ಲಿ ಬೊಟುಲಿನಮ್ ಎಂಬ ಸೂಕ್ಷ್ಮಾಣು ಪ್ರಾಣಾಂತಿಕ ವಿಷ ಉಂಟುಮಾಡಬಲ್ಲದು. ವಾಸನೆ, ರುಚಿಯಿಂದ ಅದು ತಿಳಿಯದಿರಬಹುದು. ಟೊಮ್ಯಾಟೊದ ಆಮ್ಲೀಯತೆ 4.6 ಪಿಎಚ್ ಎಂಬ ಸುರಕ್ಷತಾ ಗಡಿಯ ಆಸುಪಾಸಿನಲ್ಲಿರುವುದರಿಂದ ಈ ಕ್ರಮಗಳನ್ನು ತಪ್ಪದೆ ಪಾಲಿಸಬೇಕು:

1. ಕೊಳೆತ, ಒಡೆದ ಹಣ್ಣನ್ನು ಬಳಸಬಾರದು.
2. ಅರ್ಧ ಲೀಟರ್ ಬಾಟಲಿಗೆ ಕಾಲು ಟೀ ಚಮಚ ಸಿಟ್ರಿಕ್ ಆಮ್ಲ ಸೇರಿಸಬೇಕು. ನಿಂಬೆಹಣ್ಣಿನ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುವುದರಿಂದ ಅದನ್ನೇ ನಂಬಬಾರದು.
3. ಬಿಸಿ ತಾಳುವ ಗಾಜಿನ ಬಾಟಲಿಗೆ ಬಿಸಿ ಸಾಸ್ ತುಂಬಿ, ಮುಚ್ಚಿ, ಪೂರ್ಣ ಮುಳುಗುವಂತೆ ಕುದಿಯುವ ನೀರಿನಲ್ಲಿ 40 ನಿಮಿಷ ಇಡಬೇಕು. ಸಮುದ್ರಮಟ್ಟದ ಪ್ರದೇಶಕ್ಕೆ 35 ನಿಮಿಷ ಸಾಕು. ಸುಮಾರು 400 ಮೀಟರ್ ಎತ್ತರದ ರಾಯಚೂರಿಗೆ 5 ನಿಮಿಷ ಹೆಚ್ಚು ಬೇಕು.
4. ಈರುಳ್ಳಿ, ಬೆಳ್ಳುಳ್ಳಿ ಹುಳಿಯನ್ನು ತಗ್ಗಿಸುವುದರಿಂದ ಬಳಸುವ ದಿನವಷ್ಟೇ ಬೆರೆಸಬೇಕು.
5. ಮುಚ್ಚಳ ಉಬ್ಬಿದ, ಸೋರಿದ ಬಾಟಲಿಯ ಸಾಸನ್ನು ರುಚಿ ನೋಡದೆ ವಿಲೇವಾರಿ ಮಾಡಬೇಕು.

ಮಾರಾಟಕ್ಕಾದರೆ ಆಹಾರ ಸುರಕ್ಷತಾ ನೋಂದಣಿ ಕಡ್ಡಾಯ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಡಿ ಸಾಲಾಧಾರಿತ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿದೆ. ಸದಸ್ಯರು ಈ ವಿಷಯವನ್ನು ಗ್ರಾಮಸಭೆಯಲ್ಲಿ ಮಂಡಿಸಿ, ಆಸಕ್ತ ಸ್ವಸಹಾಯ ಸಂಘಗಳ ಪಟ್ಟಿ ಸಿದ್ಧಪಡಿಸಿ, ತಾಲ್ಲೂಕು ತೋಟಗಾರಿಕೆ ಕಚೇರಿ ಹಾಗೂ ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರದ ಮಾರ್ಗದರ್ಶನ ದೊರಕಿಸಿಕೊಡುವುದು. ಸೆಪ್ಟೆಂಬರ್‌ನ ಬಿತ್ತನೆಗೆ ಮುನ್ನವೇ ಈ ಕಾರ್ಯ ಮುಗಿದರೆ ಮಾತ್ರ ಹಂಗಾಮು ಕೈತಪ್ಪದು.